ಜಿನ್, ಗೊ, ಶುಶ್ಶಿನ್: ಜಪಾನಿನಲ್ಲಿ ದೇಶ, ನುಡಿ, ಊರು ಹೇಳುವ ಬಗೆ

ಕನ್ನಡದಲ್ಲಿ ‘ಜಪಾನಿ ಮೇಷ್ಟ್ರು’ ಎಂದರೆ ಯಾರು? ಜಪಾನ್ ದೇಶದವರಾದ ಮೇಷ್ಟ್ರೇ? ಜಪಾನಿ ಭಾಷೆ ಕಲಿಸುವ ಮೇಷ್ಟ್ರೇ? ಜಪಾನಿನ ಶಾಲೆಯೊಂದರಲ್ಲಿ ಪಾಠ ಮಾಡುವ ಮೇಷ್ಟ್ರೇ? ಮೂರೂ ಆಗಬಹುದು. ಜಪಾನಿ ಗೊಂಬೆ, ಜಪಾನಿ ಕಂಪನಿ, ಜಪಾನಿ ಊಟ, ‘ಅವನು ಜಪಾನಿ’, ‘ನನಗೆ ಜಪಾನಿ ಬರುತ್ತದೆ’ – ಮನುಷ್ಯನಿಗೂ ಮಾತಿಗೂ ವಸ್ತುವಿಗೂ ನಮಗೆ ಒಂದೇ ಪದ ಸಾಕು. ಇಂಗ್ಲಿಷಿನಲ್ಲೂ ಹಾಗೆಯೇ. ಜಪಾನಿ ಭಾಷೆಯಲ್ಲಿ ಈ ಮೂವರು ಮೇಷ್ಟ್ರುಗಳಿಗೆ ಮೂರು ಮಾತುಗಳಿವೆ. ಜಪಾನ್ ದೇಶದವರಾದ ಮೇಷ್ಟ್ರು ‘ನಿಹೊಂಜಿನ್ ನೊ ಸೆನ್ಸೇ’, ಭಾಷೆ ಕಲಿಸುವವರು ‘ನಿಹೊಂಗೊ ನೊ ಸೆನ್ಸೇ’, ಜಪಾನಿನ ಶಾಲೆಗಳಲ್ಲಿರುವವರು ‘ನಿಹೊನ್ ನೊ ಸೆನ್ಸೇ’. ಬೆಂಗಳೂರಿನಲ್ಲಿ ಜಪಾನಿ ಕಲಿಸುವ ಕನ್ನಡಿಗರೊಬ್ಬರು ಇವುಗಳಲ್ಲಿ ಎರಡನೆಯವರು ಮಾತ್ರ.

ಇಂದಿನ ಉಪನ್ಯಾಸದ ವಿಷಯ ಇದೇ. ‘ಜಿನ್’ ಯಾವ ದೇಶದವರು ಎಂಬ ಪ್ರಶ್ನೆಗೆ ಉತ್ತರ, ‘ಗೊ’ ಯಾವ ನುಡಿ ಎಂಬುದಕ್ಕೆ, ‘ಶುಶ್ಶಿನ್’ ಹುಟ್ಟಿ ಬೆಳೆದ ನೆಲ ಯಾವುದು ಎಂಬುದಕ್ಕೆ. ದೇಶ, ಜನ, ನುಡಿ ಮೂರೂ ಒಂದೇ ಹೆಸರಿನಲ್ಲಿ ಅಡಗುವ ನಾಡು ಜಪಾನ್. ನಿಹೊನ್, ನಿಹೊಂಜಿನ್, ನಿಹೊಂಗೊ ಎಂದರೆ ಮುಗಿಯಿತು. ದೇಶ ಭಾರತ, ರಾಜ್ಯ ಕರ್ನಾಟಕ, ನುಡಿ ಕನ್ನಡ ಎಂದು ಹೇಳಬೇಕಾದ ನಮಗೆ ಒಂದೇ ಹೆಸರಿನಿಂದ ಮೂರೂ ಹುಟ್ಟುವುದಿಲ್ಲ. ಆದ್ದರಿಂದ ಯಾವ ಪ್ರತ್ಯಯ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಜಪಾನೀಯರಿಗಿಂತಲೂ ನಾವು ಹೆಚ್ಚು ಜೋಪಾನವಾಗಿ ತಿಳಿದಿರಬೇಕು.

ಮೊದಲು ಉಚ್ಚಾರದ ಬಗ್ಗೆ ಒಂದು ಮಾತು. ಜಪಾನಿ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ, ಅದರಿಂದ ಲಾಭವೂ ಇದೆ. ಎ–ಏ, ಒ–ಓ ಎಂದು ಹ್ರಸ್ವ, ದೀರ್ಘ ಎರಡಕ್ಕೂ ನಮ್ಮಲ್ಲಿ ಬೇರೆ ಅಕ್ಷರಗಳಿವೆ. ಜಪಾನಿಗೆ ಬೇಕಾದದ್ದೂ ಇದೇ. ‘ಗೊ’ ಎಂದು ಬರೆದಲ್ಲಿ ಹ್ರಸ್ವವಾಗಿಯೇ ಹೇಳಿ, ‘ಗೋ’ ಎಂದು ಎಳೆಯಬೇಡಿ. ಇಂಗ್ಲಿಷಿನ ರೂಢಿಯಿಂದ ‘ಇಂಡೋ’ ಎನ್ನುವ ಬಾಯಿಗೆ ‘ಇಂದೊ’ ಎಂದು ಅಭ್ಯಾಸ ಮಾಡಿಸಬೇಕು. ಜಪಾನಿಯ ತ, ದ ಗಳು ನಮ್ಮ ತ, ದ ಗಳಿಗೆ ಹತ್ತಿರ. ಟ, ಡ ಗಳಿಗಲ್ಲ.

ಜಿನ್ ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ

ದೇಶದ ಹೆಸರಿಗೆ ‘ಜಿನ್’ ಸೇರಿಸಿದರೆ ಆ ದೇಶದ ಮನುಷ್ಯ. ಇಂದೊ-ಜಿನ್, ಫುರನ್ಸು-ಜಿನ್, ಚೂಗೊಕು-ಜಿನ್ (ಚೀನಾದವರು), ಅಮೆರಿಕ-ಜಿನ್. ಗಂಡು–ಹೆಣ್ಣಿನ ಭೇದವಿಲ್ಲ, ಏಕವಚನ–ಬಹುವಚನದ ಭೇದವೂ ಇಲ್ಲ. ‘ಭಾರತದವನು, ಭಾರತದವಳು, ಭಾರತೀಯರು’ ಎಲ್ಲಕ್ಕೂ ಇಂದೊ-ಜಿನ್ ಒಂದೇ. ಕನ್ನಡಿಗ, ತಮಿಳ, ಗುಜರಾತಿ, ಪಂಜಾಬಿ ಎಂದು ನಮ್ಮಲ್ಲಿ ಒಂದೊಂದಕ್ಕೆ ಒಂದೊಂದು ರೂಪವಿದ್ದರೆ ಅಲ್ಲಿ ಎಲ್ಲಕ್ಕೂ ಒಂದೇ ಅಚ್ಚು.

‘ಜಿನ್’ ಬರೆಯುವ ಅಕ್ಷರ ಬರೀ ಎರಡು ಗೆರೆ, ಕಾಲು ಚಾಚಿ ನಿಂತ ಮನುಷ್ಯನಂತೆ ಕಾಣುತ್ತದೆ. ಅದೇ ಅಕ್ಷರಕ್ಕೆ ‘ನಿನ್’ ಎಂಬ ಓದೂ ಇದೆ, ‘ಹಿತೊ’ ಎಂಬ ಓದೂ ಇದೆ. ಎಣಿಸುವಾಗ ನಿನ್: ಮೂವರು ‘ಸನ್-ನಿನ್’, ನಾಲ್ವರು ‘ಯೊ-ನಿನ್’ (ಒಬ್ಬರು, ಇಬ್ಬರು ಮಾತ್ರ ‘ಹಿತೊರಿ’, ‘ಫುತರಿ’). ಮಾಡುವ ಕೆಲಸದಿಂದ ಗುರುತಿಸುವಾಗಲೂ ಬಹುಮಟ್ಟಿಗೆ ನಿನ್, ಅಡುಗೆಯವರು ‘ರ್ಯೋರಿ-ನಿನ್’. ಹುಟ್ಟು, ದೇಶ, ಸ್ವಭಾವದಿಂದ ಗುರುತಿಸುವಾಗ ಜಿನ್. ಹೀಗಾಗಿ ‘ಇಂದೊ-ನಿನ್’ ಎಂದರೆ ತಪ್ಪು.

ಈ ಎರಡು ಓದುಗಳ ನಡುವೆ ಸಿಕ್ಕಿಬೀಳುವ ಒಂದು ಜಾಗವಿದೆ. ‘ಏನು’ ಎಂಬ ಅಕ್ಷರದ ಪಕ್ಕದಲ್ಲಿ ಈ ಎರಡು ಗೆರೆಯ ಅಕ್ಷರ ಬರೆದರೆ ‘ನನ್-ನಿನ್’ ಎಂದೂ ಓದಬಹುದು, ‘ನನಿ-ಜಿನ್’ ಎಂದೂ ಓದಬಹುದು. ಮೊದಲನೆಯದು ‘ಎಷ್ಟು ಜನ?’, ಹೋಟೆಲಿನ ಬಾಗಿಲಲ್ಲಿ ದಿನವೂ ಕೇಳುವ ಮಾತು. ಎರಡನೆಯದು ‘ಯಾವ ದೇಶದವನು?’. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಎದುರಿಗಿರುವವರನ್ನು ‘ನನಿ-ಜಿನ್ ದೆಸ್ ಕ’ ಎಂದು ಕೇಳಿದರೆ ಒರಟಾಗುತ್ತದೆ, ‘ನೀನು ಯಾವ ಜಾತಿಯವನು’ ಎಂದು ಮುಖಕ್ಕೆ ಹೊಡೆದಂತೆ ಕೇಳಿದ ಹಾಗೆ. ಮರ್ಯಾದೆಯ ಪ್ರಶ್ನೆಗಳು ಎರಡು: ‘ಒಕುನಿ ವ ದೊಚಿರ ದೆಸ್ ಕ’ (ತಮ್ಮ ದೇಶ ಯಾವುದು?) ಮತ್ತು ‘ಗೊ-ಶುಶ್ಶಿನ್ ವ ದೊಚಿರ ದೆಸ್ ಕ’ (ತಾವು ಹುಟ್ಟಿ ಬೆಳೆದದ್ದು ಎಲ್ಲಿ?).

‘ಒಕುನಿ’ಯಲ್ಲಿರುವ ‘ಕುನಿ’ಗೆ ನಿಘಂಟು ಕೊಡುವ ಅರ್ಥ ದೇಶ. ಆದರೆ 1868ರಲ್ಲಿ ಶುರುವಾದ ಮೇಜಿ ದೊರೆಯ ಕಾಲಕ್ಕೆ ಮುಂಚೆ ಜಪಾನಿನೊಳಗಿನ ಒಂದೊಂದು ಪ್ರಾಂತವೂ ಒಂದೊಂದು ಕುನಿಯೇ ಆಗಿತ್ತು. ಇಂದಿನ ಕಗವ ಪ್ರಾಂತ ಆಗ ‘ಸನುಕಿ ನೊ ಕುನಿ’. ಹೆಸರುವಾಸಿಯಾದ ಸನುಕಿ ಉದೊನ್‌ನಲ್ಲಿ (ಗೋಧಿಯ ದಪ್ಪ ಶಾವಿಗೆ) ಆ ಹೆಸರು ಇನ್ನೂ ಉಳಿದಿದೆ. ಆದ್ದರಿಂದ ಇಬ್ಬರು ಜಪಾನೀಯರು ಪರಸ್ಪರ ‘ಒಕುನಿ ವ?’ ಎಂದು ಕೇಳಿದರೆ ಅದು ನಮ್ಮ ‘ತಮ್ಮ ಊರು ಯಾವುದು?’ ಎಂಬುದಕ್ಕೆ ಸರಿಸಮ. ಹಬ್ಬಕ್ಕೆ ಊರಿಗೆ ಹೋಗುವುದನ್ನೂ ‘ಕುನಿ ನಿ ಕಯೆರು’ ಎನ್ನುತ್ತಾರೆ. ಕನ್ನಡದ ‘ನಾಡು’ ಹೇಗೆ ಒಮ್ಮೆ ದೊಡ್ಡದಾಗಿ ಕನ್ನಡನಾಡು, ಇನ್ನೊಮ್ಮೆ ಚಿಕ್ಕದಾಗಿ ಮಲೆನಾಡು ಆಗುತ್ತದೋ ಹಾಗೆಯೇ ಇದೂ.

ಮರ್ಯಾದೆಯ ವಿಷಯ ಬಂದಿರುವುದರಿಂದ ಕನ್ನಡಿಗರಿಂದ ಆಗುವ ಒಂದು ತಪ್ಪನ್ನು ಇಲ್ಲೇ ತಿದ್ದಿಕೊಳ್ಳೋಣ. ‘ನಾವು ಧಾರವಾಡದವರು’ ಎಂದು ನಮ್ಮ ಬಗ್ಗೆಯೂ ‘-ಅವರು’ ಹಚ್ಚಿ ಹೇಳುತ್ತೇವೆ, ಅದರಲ್ಲಿ ಯಾರಿಗೂ ಗರ್ವ ಕಾಣುವುದಿಲ್ಲ. ಜಪಾನಿಯಲ್ಲಿ ಬೇರೆಯವರನ್ನು ಕುರಿತು ‘ಇಂದೊ ನೊ ಕತ’ (ಭಾರತದವರು) ಎಂದರೆ ಗೌರವ. ಅದೇ ಮಾತನ್ನು ತನ್ನ ಬಗ್ಗೆ ಹೇಳಿಕೊಳ್ಳುವಂತಿಲ್ಲ. ‘ವತಶಿ ವ ಇಂದೊ ನೊ ಕತ ದೆಸ್’ (ನಾನು ಭಾರತದವರು) ಎಂದರೆ ತನಗೆ ತಾನೇ ಕೈಮುಗಿದುಕೊಂಡಂತೆ. ‘ಗೊ-ಶುಶ್ಶಿನ್’ನ ಮುಂದಿರುವ ‘ಗೊ’ ಕೂಡ ಗೌರವದ ಪೂರ್ವಪ್ರತ್ಯಯ. ಭಾಷೆ ಎಂಬ ಅರ್ಥದ ‘ಗೊ’ಗೂ ಇದಕ್ಕೂ ಸಂಬಂಧವಿಲ್ಲ. ಪ್ರಶ್ನೆಯಲ್ಲಿ ಅದು ಬರುತ್ತದೆ, ನಿಮ್ಮ ಉತ್ತರದಲ್ಲಿ ಬಿದ್ದುಹೋಗಬೇಕು.

‘ಜಿನ್’ ವಿಶೇಷಣವಲ್ಲ ಎಂಬುದು ಇನ್ನೊಂದು ಮುಖ್ಯ ಮಾತು. ‘ಇಂಡಿಯನ್ ಫುಡ್’ ಎಂಬ ರೂಢಿಯಿಂದ ‘ಇಂದೊ-ಜಿನ್ ರ್ಯೋರಿ’ ಎಂದುಬಿಟ್ಟರೆ ಕೇಳಿದವರಿಗೆ ಭಾರತೀಯ ಮನುಷ್ಯರನ್ನೇ ಬೇಯಿಸಿದಂತೆ ಕೇಳಬಹುದು. ಸರಿಯಾದದ್ದು ‘ಇಂದೊ ರ್ಯೋರಿ’, ದಕ್ಷಿಣದ್ದಾದರೆ ‘ಮಿನಮಿ-ಇಂದೊ ರ್ಯೋರಿ’. ಕಂಪನಿಯಾದರೆ ‘ಇಂದೊ ನೊ ಕಯಿಶ’. ಈ ‘ನೊ’ ನಮ್ಮ ಷಷ್ಠಿ ವಿಭಕ್ತಿಯೇ. ಇಂಗ್ಲಿಷಿನ ಮೂಲಕ ಹೋಗದೆ ಕನ್ನಡದಿಂದ ನೇರವಾಗಿ ‘ಭಾರತದ ಕಂಪನಿ’ ಎಂದು ಯೋಚಿಸಿದರೆ ತಪ್ಪುವುದೇ ಇಲ್ಲ.

ಇಂಗ್ಲಿಷಿನ ‘ಇಂಡಿಯನ್’ ಪದವನ್ನೇ ಹಾಗೇ ಎತ್ತಿ ಹೇಳಿದರೂ ಕಷ್ಟ. ಜಪಾನಿಯಲ್ಲಿ ‘ಇಂದಿಯನ್’ ಎಂದರೆ ಮೊದಲು ನೆನಪಿಗೆ ಬರುವುದು ಅಮೆರಿಕದ ಮೂಲನಿವಾಸಿಗಳು.

ಗೊ: ನುಡಿಯ ಹೆಸರು ದೇಶದ ಹೆಸರಲ್ಲ

ನಿಹೊನ್–ನಿಹೊಂಗೊ, ಚೂಗೊಕು–ಚೂಗೊಕು-ಗೊ, ಇತರಿಯ–ಇತರಿಯ-ಗೊ. ನಾಲ್ಕು ಉದಾಹರಣೆ ಕಲಿತವರು ದೇಶದ ಹೆಸರಿಗೆ ‘ಗೊ’ ಅಂಟಿಸಿದರೆ ಭಾಷೆ ಸಿದ್ಧ ಎಂದುಕೊಳ್ಳುತ್ತಾರೆ. ಆ ಸೂತ್ರ ಬೇಗ ಮುರಿಯುತ್ತದೆ. ಬ್ರೆಜಿಲಿನವರ ಮಾತು ‘ಪೊರುತೊಗರು-ಗೊ’, ಮೆಕ್ಸಿಕೊದವರದು ‘ಸುಪೆಇನ್-ಗೊ’, ಈಜಿಪ್ಟಿನವರದು ‘ಅರಬಿಯ-ಗೊ’, ಆಸ್ಟ್ರಿಯಾದವರದು ‘ದೊಯಿತ್ಸು-ಗೊ’, ಅಂದರೆ ಜರ್ಮನ್.

ಬ್ರಿಟನ್ನಿನವರು ‘ಇಗಿರಿಸು-ಜಿನ್’, ಆದರೆ ‘ಇಗಿರಿಸು-ಗೊ’ ಎಂಬ ಪದವೇ ಇಲ್ಲ, ಇಂಗ್ಲಿಷಿಗೆ ‘ಏಗೊ’. ಕಾರಣ ತಿಳಿದರೆ ಮರೆಯುವುದಿಲ್ಲ. ‘ಇಗಿರಿಸು’ ಪೋರ್ಚುಗೀಸರ ಬಾಯಿಂದ ಬಂದ ಹೆಸರು. ಅದರ ಜೊತೆಗೆ ಚೀನೀ ಅಕ್ಷರಗಳಲ್ಲಿ ದೇಶಗಳಿಗೆ ಒಂದೊಂದು ಚುಟುಕು ಹೆಸರೂ ಇದೆ; ಬ್ರಿಟನ್ನಿಗೆ ‘ಏ’. ಏ ದೇಶದ ಗೊ ‘ಏಗೊ’ ಆಯಿತು. ಪತ್ರಿಕೆಗಳ ತಲೆಬರಹ ಓದಲು ಈ ಚುಟುಕು ಹೆಸರುಗಳು ಬೇಕೇ ಬೇಕು: ಅಮೆರಿಕಕ್ಕೆ ‘ಬೇ’, ಫ್ರಾನ್ಸಿಗೆ ‘ಫುತ್ಸು’, ಜರ್ಮನಿಗೆ ‘ದೊಕು’, ಭಾರತಕ್ಕೆ ‘ಇನ್’. ಭಾರತದ ‘ಇನ್’ ಬರೆಯುವುದು ಮೊಹರು ಎಂಬ ಅರ್ಥದ ಅಕ್ಷರದಲ್ಲಿ. ಜಪಾನ್–ಭಾರತ ಎನ್ನಲು ‘ನಿಚಿ-ಇನ್’. 1903ರಲ್ಲಿ ತೋಕ್ಯೋದಲ್ಲಿ ಹುಟ್ಟಿ ಇಂದಿಗೂ ನಡೆಯುತ್ತಿರುವ ಸ್ನೇಹಸಂಸ್ಥೆಯ ಹೆಸರು ‘ನಿಚಿ-ಇನ್ ಕ್ಯೋಕಾಯಿ’.

ಕೊರಿಯಾದ ಭಾಷೆಯ ಹೆಸರಿನಲ್ಲಿ ರಾಜಕೀಯವೇ ಬೆರೆತಿದೆ. ದಕ್ಷಿಣದ ದೇಶ ‘ಕಂಕೊಕು’, ಆದ್ದರಿಂದ ‘ಕಂಕೊಕು-ಗೊ’. ಉತ್ತರದ ಕಡೆಯವರು ‘ಚೋಸೆನ್’ ಎಂಬ ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಭಾಷಾಶಾಸ್ತ್ರದ ಪುಸ್ತಕಗಳಲ್ಲೂ ‘ಚೋಸೆನ್-ಗೊ’ ಕಾಣುತ್ತದೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1984ರಲ್ಲಿ ಆ ಭಾಷೆಯ ಪಾಠಗಳನ್ನು ಶುರುಮಾಡಿದಾಗ ಎರಡೂ ಹೆಸರನ್ನು ಬಿಟ್ಟು ಲಿಪಿಯ ಹೆಸರನ್ನು ಹಿಡಿದು ‘ಹಂಗುರು ಕೋಜ಼’, ಅಂದರೆ ಹಂಗುಲ್ ಪಾಠಮಾಲೆ ಎಂದು ಕರೆಯಿತು. ಇದರಿಂದಾಗಿ ‘ಹಂಗುರು-ಗೊ’ ಎಂಬ ಪದವೂ ಕೆಲವರ ಬಾಯಲ್ಲಿ ನಿಂತಿದೆ, ಲಿಪಿಯ ಹೆಸರಿಗೆ ‘ಭಾಷೆ’ ಹಚ್ಚಿದಂತೆ.

ಭಾರತಕ್ಕೆ ಬರೋಣ. ‘ಇಂದೊ-ಗೊ’ ಎಂಬ ಭಾಷೆ ಇಲ್ಲ. ಆದರೂ ಜಪಾನಿನಲ್ಲಿರುವ ಭಾರತೀಯರಿಗೆ ‘ಇಂದೊ-ಗೊ ದೆ ನನ್ ತೊ ಈಮಸ್ ಕ’ (ಭಾರತದ ಭಾಷೆಯಲ್ಲಿ ಏನಂತೀರಿ?) ಎಂಬ ಪ್ರಶ್ನೆ ಎದುರಾಗುತ್ತಲೇ ಇರುತ್ತದೆ. ಕೇಳುವವರಲ್ಲಿ ಕೆಟ್ಟ ಭಾವವಿಲ್ಲ. ಅವರ ಭಾಷೆಯ ಅಚ್ಚು ಹಾಗಿದೆ. ಉತ್ತರ ಹೇಳುವಾಗ ಮೊದಲ ವಾಕ್ಯ: ‘ಇಂದೊ ನಿ ವ ಇಂದೊ-ಗೊ ತೊ ಇಯು ಕೊತೊಬ ವ ಅರಿಮಸೆನ್’ (ಭಾರತದಲ್ಲಿ ಇಂದೊ-ಗೊ ಎಂಬ ಭಾಷೆ ಇಲ್ಲ). ಎರಡನೆಯದು: ‘ಕರುನಾತಕ-ಶೂ ನೊ ಕೋಯೋಗೊ ವ ಕನ್ನದ-ಗೊ ದೆಸ್’ (ಕರ್ನಾಟಕ ರಾಜ್ಯದ ಆಡಳಿತ ಭಾಷೆ ಕನ್ನಡ). ಜೇಬಿನಲ್ಲಿ ನೂರು ರೂಪಾಯಿಯ ನೋಟಿದ್ದರೆ ಮಾತು ಇನ್ನೂ ಸುಲಭ. ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಿವೆ. ಮೇಲಿನಿಂದ ಅಸ್ಸಾಮಿ, ಬಂಗಾಳಿ, ಗುಜರಾತಿ ದಾಟಿದರೆ ನಾಲ್ಕನೆಯ ಸಾಲು ‘ನೂರು ರೂಪಾಯಿಗಳು’. ಬೆರಳಿಟ್ಟು ‘ಕೊರೆ ಗ ಕನ್ನದ-ಗೊ ದೆಸ್’ (ಇದು ಕನ್ನಡ) ಎಂದರೆ ಹತ್ತು ನಿಮಿಷದ ವಿವರಣೆ ಉಳಿಯುತ್ತದೆ.

ಅದಾದ ಮೇಲೆ ಕೆಲವರು ‘ಅದು ಹಿಂದಿಯ ಹೋಗೆನ್ ತಾನೇ?’ ಎಂದು ಕೇಳಬಹುದು. ಹೋಗೆನ್ ಎಂದರೆ ಉಪಭಾಷೆ. ಒಂದು ಭಾಷೆಯೊಳಗಿನ ಪ್ರದೇಶದ ಮಾತಿಗೆ ‘ಬೆನ್’ ಹಚ್ಚುವುದು ರೂಢಿ: ಓಸಕ-ಬೆನ್, ತ್ಸುಗರು-ಬೆನ್. ನಮ್ಮ ಧಾರವಾಡದ ಕನ್ನಡ, ಕುಂದಾಪುರದ ಕನ್ನಡ ಈ ‘ಬೆನ್’ ಜಾತಿಗೆ ಸೇರಿದವು. ಕನ್ನಡವೇ ಬೆನ್ ಅಲ್ಲ, ಅದು ‘ಗೊ’. ‘ಹೋಗೆನ್ ದೆವ ನಕು, ಬೆತ್ಸು ನೊ ಗೆಂಗೊ ದೆಸ್’ (ಉಪಭಾಷೆಯಲ್ಲ, ಬೇರೆಯೇ ಭಾಷೆ) ಎಂದು ಸ್ಪಷ್ಟವಾಗಿ ಹೇಳಬೇಕು. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆ ಎಂದವರು 4 ಕೋಟಿ 37 ಲಕ್ಷದಷ್ಟು. ಲಿಪಿ ಬೇರೆ, ಭಾಷಾಕುಟುಂಬ ಬೇರೆ.

ಮಾತೃಭಾಷೆಗೆ ಜಪಾನಿಯಲ್ಲಿ ಎರಡು ಪದಗಳು ಬಳಕೆಯಲ್ಲಿವೆ: ‘ಬೊಗೊ’ ಮತ್ತು ‘ಬೊಕೊಕುಗೊ’. ಎರಡನೆಯದರ ನಡುವೆ ‘ಕೊಕು’, ಅಂದರೆ ದೇಶ ಕುಳಿತಿದೆ: ತಾಯ್ನಾಡಿನ ಭಾಷೆ ಎಂದರ್ಥ. ದೇಶವೂ ನುಡಿಯೂ ಒಂದಾಗಿರುವವರಿಗೆ ಎರಡೂ ಸರಿಹೋಗುತ್ತವೆ. ಕನ್ನಡಿಗರಿಗೆ ಹೊಂದುವುದು ‘ಬೊಗೊ’ ಮಾತ್ರ: ‘ಬೊಗೊ ವ ಕನ್ನದ-ಗೊ ದೆಸ್’. ಇದೇ ‘ಕೊಕು’ ಸೇರಿದ ‘ಕೊಕುಗೊ’ ಎಂಬ ಪದವೂ ಇದೆ. ಜಪಾನಿನ ಮಕ್ಕಳು ಶಾಲೆಯಲ್ಲಿ ಕಲಿಯುವ ವಿಷಯದ ಹೆಸರು ‘ಕೊಕುಗೊ’. ವಿದೇಶೀಯರು ಕಲಿಯುವುದು ‘ನಿಹೊಂಗೊ’. ಭಾಷೆ ಒಂದೇ, ನೋಡುವ ಜಾಗ ಬೇರೆ. 1944ರಲ್ಲಿ ‘ಕೊಕುಗೊ ಗಕ್ಕಾಯಿ’ ಎಂದು ಆರಂಭವಾದ ವಿದ್ವಾಂಸರ ಸಂಘ 2004ರಲ್ಲಿ ತನ್ನ ಹೆಸರನ್ನು ‘ನಿಹೊಂಗೊ ಗಕ್ಕಾಯಿ’ ಎಂದು ಬದಲಿಸಿಕೊಂಡಿತು. ಜಪಾನಿಯನ್ನು ಜಗತ್ತಿನ ಭಾಷೆಗಳಲ್ಲಿ ಒಂದಾಗಿ ಹೊರಗಿನಿಂದಲೂ ನೋಡಬೇಕು ಎಂಬ ತಿಳಿವು ಆ ಒಂದು ಪದದ ಬದಲಾವಣೆಯಲ್ಲಿ ಕಾಣುತ್ತದೆ.

ದನಿಯ ಏರಿಳಿತದಲ್ಲೂ ಗೊ, ಜಿನ್ ಬೇರೆ. ‘ನಿಹೊನ್’ ಎನ್ನುವಾಗ ‘ಹೊ’ ಮೇಲೆ ದನಿ ಏರಿ ಕೂಡಲೇ ಇಳಿಯುತ್ತದೆ. ‘ನಿಹೊಂಗೊ’ದಲ್ಲಿ ‘ಹೊ’ಗೆ ಏರಿದ ದನಿ ಕೊನೆಯವರೆಗೂ ಇಳಿಯದೆ ಸಮವಾಗಿ ಸಾಗುತ್ತದೆ. ‘ನಿಹೊಂಜಿನ್’ನಲ್ಲಿ ‘ಜಿ’ ಆದ ಮೇಲೆ ಇಳಿತ. ‘ಗೊ’ ಸೇರಿದ ಭಾಷೆಯ ಹೆಸರುಗಳೆಲ್ಲ ಸಮದನಿಯವು ಎಂದು ನೆನಪಿಟ್ಟರೆ ಕೆಲಸ ಅರ್ಧ ಆಯಿತು.

ಶುಶ್ಶಿನ್: ಹುಟ್ಟಿ ಬೆಳೆದ ನೆಲ

ಈ ಉಪನ್ಯಾಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಪದ ‘ಶುಶ್ಶಿನ್’. ‘ಜಿನ್’ ದೇಶದ ಲೆಕ್ಕದಲ್ಲಿ ನಿಂತುಬಿಡುತ್ತದೆ. (‘ಕನ್‌ಸಾಯಿ-ಜಿನ್’, ‘ಓಸಕ-ಜಿನ್’ ಎಂದು ಪ್ರದೇಶಕ್ಕೂ ಹಚ್ಚುವುದುಂಟು, ಆದರೆ ಅಲ್ಲಿ ಗಡಿಗಿಂತ ಸ್ವಭಾವದ ಮಾತು ಹೆಚ್ಚು.) ಶುಶ್ಶಿನ್ ದೇಶಕ್ಕೂ ರಾಜ್ಯಕ್ಕೂ ಹಳ್ಳಿಗೂ ಕೂಡುತ್ತದೆ. ‘ಇಂದೊ ಶುಶ್ಶಿನ್ ದೆಸ್’, ‘ಕರುನಾತಕ-ಶೂ ಶುಶ್ಶಿನ್ ದೆಸ್’, ‘ಬೆಂಗರೂರು ಶುಶ್ಶಿನ್ ದೆಸ್’. ಬೆಂಗಳೂರಿಗೆ ಇಂಗ್ಲಿಷಿನಿಂದ ಬಂದ ‘ಬಂಗರೋರು’ ಎಂಬ ಹಳೆಯ ರೂಪ ಈಗಲೂ ಬಹಳ ಕೇಳಿಬರುತ್ತದೆ. ಹೊಸ ರೂಪ ‘ಬೆಂಗರೂರು’, ನಮ್ಮ ಉಚ್ಚಾರಕ್ಕೆ ಕೂದಲೆಳೆಯಷ್ಟು ಹತ್ತಿರ. ಜಪಾನಿನ ದೂತಾವಾಸ ತನ್ನ ಹೆಸರಿನಲ್ಲಿ ಬಳಸುವುದೂ ಇದನ್ನೇ. ನೀವೂ ಅದನ್ನೇ ಬಳಸಿ, ಅರ್ಥವಾಗದಿದ್ದರೆ ‘ಮೊತೊ ನೊ ಬಂಗರೋರು’ (ಹಿಂದಿನ ಬ್ಯಾಂಗಲೋರ್) ಎಂದು ಸೇರಿಸಿ.

ಹುಟ್ಟಿದ್ದು ಒಂದು ಕಡೆ, ಬೆಳೆದದ್ದು ಇನ್ನೊಂದು ಕಡೆ ಆದರೆ ‘ಉಮರೆ’ (ಹುಟ್ಟು), ‘ಸೊದಚಿ’ (ಬೆಳವಣಿಗೆ) ಇವೆ: ‘ಮಯಿಸೋರು ಉಮರೆ, ಬೆಂಗರೂರು ಸೊದಚಿ ದೆಸ್’. ಮೈಸೂರಲ್ಲಿ ಹುಟ್ಟಿ ಬೆಂಗಳೂರಲ್ಲಿ ಬೆಳೆದವರಿಗೆ ಇಷ್ಟು ಸಾಕು. ಶುಶ್ಶಿನ್ ಕಲಿತ ಕಾಲೇಜಿಗೂ ಮುಂಚಿನ ಉದ್ಯೋಗಕ್ಕೂ ಬರುತ್ತದೆ. ‘ಕ್ಯೋತೊ ದಯಿಗಕು ಶುಶ್ಶಿನ್’ ಎಂದರೆ ಕ್ಯೋತೊ ವಿಶ್ವವಿದ್ಯಾಲಯದಲ್ಲಿ ಓದಿದವರು, ಊರಿನ ಮಾತಲ್ಲ.

ಜಿನ್ ಮತ್ತು ಶುಶ್ಶಿನ್ ಬೇರೆ ಬೇರೆ ಎಂಬುದನ್ನು ಸುಮೊ ಅಖಾಡದಷ್ಟು ಚೆನ್ನಾಗಿ ಬೇರೆಲ್ಲೂ ನೋಡಲಾಗದು. ಕುಸ್ತಿಯ ಸಮಯದಲ್ಲಿ ಧ್ವನಿವರ್ಧಕದಲ್ಲಿ ಜಟ್ಟಿಯ ಹೆಸರು, ಅವನ ಶುಶ್ಶಿನ್, ಅವನ ಗರಡಿ, ಈ ಕ್ರಮದಲ್ಲಿ ಕೂಗುತ್ತಾರೆ. ಮಂಗೋಲಿಯಾದಿಂದ ಬಂದ ಹಕುಹೋ 2019ರಲ್ಲಿ ಜಪಾನಿನ ಪೌರತ್ವ ಪಡೆದರು. ಆಮೇಲೂ ಅವರ ಶುಶ್ಶಿನ್ ‘ಮೊಂಗೊರು, ಉರಂಬಾತೊರು’ ಎಂದೇ ಉಳಿಯಿತು. ಪೌರತ್ವ ಬದಲಾಗಬಹುದು, ಶುಶ್ಶಿನ್ ಬದಲಾಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು 2016ರ ಜನವರಿಯಲ್ಲಿ ಆಯಿತು. ಫುಕುಒಕದ ಕೊತೊಶೋಗಿಕು ಪಂದ್ಯಾವಳಿ ಗೆದ್ದರು. 2006ರ ಜನವರಿಯಲ್ಲಿ ತೊಚಿಅಜ಼ುಮ ಗೆದ್ದ ಮೇಲೆ ಹತ್ತು ವರ್ಷ ಪ್ರಶಸ್ತಿಗಳೆಲ್ಲ ಹೊರದೇಶಗಳಿಂದ ಬಂದವರ ಪಾಲಾಗಿದ್ದವು. ಪತ್ರಿಕೆಗಳು ‘ಹತ್ತು ವರ್ಷಗಳಲ್ಲಿ ಮೊದಲ ನಿಹೊಂಜಿನ್ ವಿಜೇತ’ ಎಂದು ಬರೆಯುವಂತಿರಲಿಲ್ಲ. ಏಕೆಂದರೆ 2012ರ ಮೇ ತಿಂಗಳಲ್ಲಿ ಗೆದ್ದ ಕ್ಯೋಕುತೆನ್‌ಹೋ ಹುಟ್ಟಿದ್ದು ಮಂಗೋಲಿಯಾದಲ್ಲಾದರೂ 2005ರಲ್ಲೇ ಜಪಾನಿನ ಪ್ರಜೆಯಾಗಿದ್ದವರು. ಕಾನೂನಿನಂತೆ ಅವರು ಪೂರ್ಣ ನಿಹೊಂಜಿನ್. ಅದಕ್ಕಾಗಿ ‘ನಿಹೊನ್ ಶುಶ್ಶಿನ್ ರಿಕಿಶಿ’, ಜಪಾನ್ ಮೂಲದ ಜಟ್ಟಿ ಎಂಬ ಮಾತನ್ನು ಬಳಸಿದರು. ಒಂದು ಪ್ರತ್ಯಯದ ಜಾಗದಲ್ಲಿ ಇನ್ನೊಂದು ಪದ ಇಟ್ಟು ಸುದ್ದಿಯ ಸತ್ಯವನ್ನು ಕಾಪಾಡಿಕೊಂಡರು. ಇಂಥ ಎಚ್ಚರ ನಮಗೂ ಇರಬೇಕು ಅನ್ನಿಸುತ್ತದೆ.

ವಂಶದ ಮೂಲ ಹೇಳಲು ‘ಕೇ’ ಇದೆ. 1908ರಲ್ಲಿ ‘ಕಸಾತೊ ಮರು’ ಹಡಗಿನಲ್ಲಿ ಬ್ರೆಜಿಲಿಗೆ ಹೋದವರಿಂದ ಶುರುವಾದ ವಲಸೆಯ ಮಕ್ಕಳು, ಮೊಮ್ಮಕ್ಕಳು ‘ನಿಕ್ಕೇ ಬುರಜಿರು-ಜಿನ್’, ಅಂದರೆ ಜಪಾನ್ ವಂಶದ ಬ್ರೆಜಿಲಿನವರು. ಕ್ರಮ ಗಮನಿಸಿ: ಮೊದಲು ವಂಶ, ಕೊನೆಯಲ್ಲಿ ಪೌರತ್ವ. ಅಮೆರಿಕದ ಪಾಸ್‌ಪೋರ್ಟ್ ಇರುವ ಕನ್ನಡಿಗರು ಜಪಾನಿಯಲ್ಲಿ ‘ಇಂದೊ-ಕೇ ಅಮೆರಿಕ-ಜಿನ್’. ತಿರುಗಿಸಿ ‘ಅಮೆರಿಕ-ಕೇ ಇಂದೊ-ಜಿನ್’ ಎಂದರೆ ಅಮೆರಿಕನ್ ವಂಶದ ಭಾರತೀಯ ಪ್ರಜೆ ಎಂದಾಗುತ್ತದೆ. ಅಂದಹಾಗೆ, ಷೇರುಪೇಟೆಯ ಸುದ್ದಿಯಲ್ಲಿ ಕೇಳುವ ‘ನಿಕ್ಕೇ’ ಬೇರೆ ಅಕ್ಷರಗಳಲ್ಲಿ ಬರೆಯುವ ಬೇರೆ ಪದ.

ವಸ್ತುವಿನ ಮೂಲ

ವಸ್ತುಗಳಿಗೆ ಎರಡು ಪ್ರತ್ಯಯಗಳು ಮುಖ್ಯ. ನೆಲದಲ್ಲಿ ಬೆಳೆದದ್ದು ‘ಸನ್’, ಕೈಯಲ್ಲಿ ಅಥವಾ ಕಾರ್ಖಾನೆಯಲ್ಲಿ ತಯಾರಾದದ್ದು ‘ಸೇ’. ಭಾರತದ ಮಾವು ‘ಇಂದೊ-ಸನ್’. 2006ರಿಂದ ಅದಕ್ಕೆ ಜಪಾನಿನ ಮಾರುಕಟ್ಟೆ ತೆರೆದಿದೆ. ರಾಜಸ್ಥಾನದಲ್ಲಿ ತಯಾರಾಗಿ 2024ರಿಂದ ಜಪಾನಿನಲ್ಲಿ ಮಾರಾಟವಾಗುತ್ತಿರುವ ಹೋಂಡಾದ ಡಬ್ಲ್ಯುಆರ್-ವಿ ಕಾರು ‘ಇಂದೊ-ಸೇ’. ಚಿಕ್ಕಮಗಳೂರಿನ ಕಾಫಿಬೀಜಕ್ಕೆ ಸನ್, ಮೈಸೂರು ರೇಷ್ಮೆ ಸೀರೆಗೆ ಸೇ. ಜಪಾನಿನ ಅಂಗಡಿಯಲ್ಲಿ ಕಾಫಿಪುಡಿಯ ಪೊಟ್ಟಣ ತಿರುಗಿಸಿ ನೋಡಿದರೆ ‘ನಮಮಮೆ ಸೇಸಂಕೊಕು-ಮೇ’ ಎಂಬ ಸಾಲಿರುತ್ತದೆ: ಹಸಿಬೀಜ ಬೆಳೆದ ದೇಶದ ಹೆಸರು. ಹುರಿದದ್ದು ಜಪಾನಿನಲ್ಲಾದರೂ ಆ ಸಾಲಿನಲ್ಲಿ ಬರುವುದು ಬೀಜದ ದೇಶವೇ. ನಿಯಮ ಮೀರುವ ಪದವೂ ಒಂದಿದೆ: ಸ್ವದೇಶಿ ಕಾರಿಗೆ ‘ಕೊಕುಸನ್-ಶ’ ಎನ್ನುತ್ತಾರೆ. ಕಾರು ಹೊಲದಲ್ಲಿ ಬೆಳೆಯದಿದ್ದರೂ ಅಲ್ಲಿ ‘ಸನ್’ ನಿಂತುಬಿಟ್ಟಿದೆ.

ಶೈಲಿಗೆ ‘ಫೂ’, ಪದ್ಧತಿಗೆ ‘ಶಿಕಿ’. ಇವೆರಡರ ತೂಕ ಒಂದೇ ಅಲ್ಲ. ‘ಇಂದೊ-ಫೂ’ ಎಂದರೆ ಭಾರತದ ಛಾಯೆ ಇದೆ, ಭಾರತದ್ದೇ ಎಂಬ ಭರವಸೆಯಿಲ್ಲ. ‘ಇಂದೊ-ಶಿಕಿ’ ಎಂದರೆ ಭಾರತದ ಕ್ರಮದಲ್ಲೇ ಮಾಡಿದ್ದು. 1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸರು ಶಿಂಜುಕುವಿನ ನಕಮುರಯ ಅಂಗಡಿಗೆ ಕಲಿಸಿಕೊಟ್ಟ ಸಾರು 1927ರಿಂದ ‘ಜುನ್ ಇಂದೊ-ಶಿಕಿ ಕರೀ’ ಎಂಬ ಹೆಸರಿನಲ್ಲಿ ಬಡಿಸಲ್ಪಡುತ್ತಿದೆ. ‘ಜುನ್’ ಎಂದರೆ ಅಪ್ಪಟ. ಜಪಾನಿನಲ್ಲಿ ಆಗಲೇ ಬೇರೂರಿದ್ದ ಬ್ರಿಟಿಷ್ ಮಾದರಿಯ ಹಿಟ್ಟುಗೂಡಿದ ‘ಕರೇ’ಯಿಂದ ಇದು ಬೇರೆ ಎಂದು ಆ ಎರಡು ಪದಗಳು ಸಾರುತ್ತವೆ. ದೋಸೆಯ ಅಂಗಡಿ ಇಡುವವರು ಫಲಕದಲ್ಲಿ ‘ಮಿನಮಿ-ಇಂದೊ ರ್ಯೋರಿ’ ಎಂದೇ ಬರೆಸಲಿ, ‘ಇಂದೊ-ಫೂ’ ಬೇಡ.

ಕಾಗದದ ಮೇಲೆ

ಬಾಯಲ್ಲಿ ‘ಇಂದೊ-ಜಿನ್’ ಎಂದವರು ಅರ್ಜಿ ತುಂಬುವಾಗಲೂ ಹಾಗೇ ಬರೆಯುತ್ತಾರೆ. ‘ಕೊಕುಸೆಕಿ’ (ರಾಷ್ಟ್ರೀಯತೆ) ಎಂಬ ಮನೆಯಲ್ಲಿ ಬರೆಯಬೇಕಾದದ್ದು ಬರೀ ‘ಇಂದೊ’. ‘ಶುಶ್ಶಿನ್‌ಚಿ’ಯಲ್ಲಿ ‘ಇಂದೊ, ಕರುನಾತಕ-ಶೂ’, ಶುಶ್ಶಿನ್ ಎಂದು ಮತ್ತೆ ಬರೆಯಬೇಕಿಲ್ಲ. ‘ಬೊಗೊ’ದಲ್ಲಿ ಮಾತ್ರ ‘ಕನ್ನದ-ಗೊ’ ಎಂದು ಗೊ ಉಳಿಯುತ್ತದೆ. ವಿದೇಶೀಯರಿಗೆ ಕೊಡುವ ವಾಸದ ಚೀಟಿ ‘ಜ಼ಯಿರ್ಯೂ ಕಾದೊ’ 2012ರ ಜುಲೈ 9ರಂದು ಜಾರಿಗೆ 
ಬಂತು. ಅದರಲ್ಲಿ ‘ಕೊಕುಸೆಕಿ, ಚೀಕಿ’ ಎಂದು ರಾಷ್ಟ್ರೀಯತೆಯ ಪಕ್ಕ ‘ಪ್ರದೇಶ’ವೂ ಇದೆ. ತೈವಾನಿನವರೂ ಪ್ಯಾಲೆಸ್ತೀನಿನವರೂ ತಮ್ಮ ಹೆಸರಿನಲ್ಲೇ ನಮೂದಾಗುವುದು ಆ ಒಂದು ಪದದಿಂದ.

ಇನ್ನು ಕನ್ನಡದ ಹೆಸರನ್ನೇ ಕಾಡುವ ತೊಡಕು. ಕೆನಡಾ ದೇಶಕ್ಕೆ ಜಪಾನಿಯಲ್ಲಿ ‘ಕನದ’. ನಮ್ಮದು ‘ಕನ್ನದ’. ವ್ಯತ್ಯಾಸ ಒಂದು ನಕಾರ. ಜಪಾನಿ ಕಿವಿಗೆ ಮೊದಲನೆಯದು ಮೂರು ಮಾತ್ರೆ, ಕ-ನ-ದ. ಎರಡನೆಯದು ನಾಲ್ಕು, ಕ-ನ್-ನ-ದ. ಒತ್ತಕ್ಷರ ನಮಗೆ ಸಹಜವಾಗಿ ಬರುತ್ತದೆ, ಆದರೆ ಕೇಳುವವರು ತಮಗೆ ಗೊತ್ತಿರುವ ಹೆಸರನ್ನೇ ಹಿಡಿಯುತ್ತಾರೆ. ಆದ್ದರಿಂದ ‘ನ್’ಗೆ ಪೂರ್ತಿ ಒಂದು ಮಾತ್ರೆಯ ಕಾಲ ಕೊಟ್ಟು ಹೇಳಿ. ಮೊದಲ ಭೇಟಿಯಲ್ಲಿ ‘ಕನ್ನದ-ಜಿನ್’ ಎನ್ನಬೇಡಿ, ಅದು ‘ಕನದ-ಜಿನ್’ (ಕೆನಡಾದವರು) ಎಂದೇ ಕೇಳುತ್ತದೆ. ಹೆಸರು ಕಲಸಿಹೋಗುವ ಕಷ್ಟ ನಮ್ಮೊಬ್ಬರದೇ ಅಲ್ಲ. ‘ಓಸುತೊರಿಯ’ (ಆಸ್ಟ್ರಿಯಾ) ಮತ್ತು ‘ಓಸುತೊರರಿಯ’ (ಆಸ್ಟ್ರೇಲಿಯಾ) ನಡುವಿನ ಗೊಂದಲಕ್ಕೆ ಬೇಸತ್ತು 2006ರಲ್ಲಿ ತೋಕ್ಯೋದ ಆಸ್ಟ್ರಿಯಾ ರಾಯಭಾರ ಕಚೇರಿ ತಮ್ಮ ದೇಶವನ್ನು ‘ಓಸುತೊರೀ’ ಎಂದು ಬರೆಯಿರಿ ಎಂದು ಕೇಳಿಕೊಂಡಿತು. ಜನರ ಬಾಯಲ್ಲಿ ಅದು ನಿಲ್ಲಲಿಲ್ಲ.

ಪರಿಚಯದ ವಾಕ್ಯಗಳನ್ನು ಈಗ ಜೋಡಿಸಬಹುದು. ‘ಇಂದೊ ನೊ ಕರುನಾತಕ-ಶೂ ಕರ ಕಿಮಶಿತ.’ ದೊಡ್ಡದರಿಂದ ಚಿಕ್ಕದಕ್ಕೆ, ‘ಭಾರತದ ಕರ್ನಾಟಕದಿಂದ ಬಂದೆ’ ಎಂಬ ನಮ್ಮ ಕ್ರಮವೇ; ‘ನೊ’ ನಮ್ಮ ‘ದ’, ‘ಕರ’ ನಮ್ಮ ‘ಇಂದ’. ‘ಶುಶ್ಶಿನ್ ವ ಬೆಂಗರೂರು ದೆಸ್.’ ‘ಬೊಗೊ ವ ಕನ್ನದ-ಗೊ ದೆಸ್. ಮಿನಮಿ-ಇಂದೊ ನೊ ಕೊತೊಬ ದೆಸ್.’ (ದಕ್ಷಿಣ ಭಾರತದ ನುಡಿ.) ಕೊನೆಯ ವಾಕ್ಯ ಬಿಡಬೇಡಿ, ಎದುರಿನವರ ಮನಸ್ಸಿನಿಂದ ಕೆನಡಾವನ್ನು ತೆಗೆದುಹಾಕುವುದು ಅದೇ.

ಬರೆಯುವಾಗ ‘ಕನ್ನದ’ ಕತಕನ ಲಿಪಿಯಲ್ಲಿ (ಜಪಾನೀಯರು ವಿದೇಶಿ ಹೆಸರುಗಳಿಗೆ ಬಳಸುವ ಲಿಪಿ) ನಾಲ್ಕು ಅಕ್ಷರ. ಎರಡನೆಯದಾದ ‘ನ್’ ಎರಡೇ ಗೆರೆ: ಎಡಗಡೆ ಮೇಲೆ ಒಂದು ಚಿಕ್ಕ ಗೀಟು, ಆಮೇಲೆ ಉದ್ದ ಗೆರೆ. ಆ ಉದ್ದ ಗೆರೆ ಕೆಳಗೆ ಎಡದಿಂದ ಹೊರಟು ಬಲಕ್ಕೆ ಮೇಲೇರಬೇಕು. ಮೇಲಿನಿಂದ ಕೆಳಗೆ ಎಳೆದರೆ ಅದು ‘ಸೊ’ ಆಗುತ್ತದೆ, ನಿಮ್ಮ ಮಾತೃಭಾಷೆ ‘ಕಸೊನದ’ ಎಂದು ಅರ್ಜಿಯಲ್ಲಿ ದಾಖಲಾಗುತ್ತದೆ. ಪೆನ್ನನ್ನು ಕೆಳಗಿಟ್ಟು ಮೇಲಕ್ಕೆ ಎತ್ತಿ.